ಉದ್ದದ್ದೋ, ಅಗಲದ್ದೋ

ಜುಲೈ 1, ಮಂಗಳವಾರ

ಈ ಪುಸ್ತಕ ಕೊಟ್ಟಿದ್ದು ಡಯಾಲಿಸಿಸ್ ವಾರ್ಡಿನ ಸಿಸ್ಟರ್. ದಿನಕ್ಕೆ ಎಷ್ಟು ನೀರು ಕುಡಿದೆ ಅಂತ ಬರೆದಿಡಬೇಕಂತೆ. ದಿನಕ್ಕೊಂದು ಪುಟ, ಬರೆಯಬೇಕಾದ್ದು ಒಂದೇ ಅಂಕಿ. ಉಳಿದ ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದು ಬರೆಯುತ್ತಿದ್ದೇನೆ. ಇವತ್ತಿನದು 750 ಮಿಲಿ.

ಡಯಾಲಿಸಿಸ್ ಶುರುವಾಗಿ ಮೂರು ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಯಂತ್ರದಲ್ಲಿ ಸ್ನಾನ ಮಾಡುತ್ತದೆ, ಇನ್ನೊಂದರಿಂದ ವಾಪಸು ಬರುತ್ತದೆ. ಆ ನಾಲ್ಕು ಗಂಟೆ ಎಡಗೈ ಅಲ್ಲಾಡಿಸುವಂತಿಲ್ಲ. ಅಲ್ಲಾಡಿಸಿದರೆ ಯಂತ್ರ ಇಡೀ ವಾರ್ಡಿಗೆ ಕೇಳುವಂತೆ ಕಿರುಚುತ್ತದೆ.

ಹಾಗಾಗಿ ನನಗಿರುವುದು ಬಲಗೈ ಒಂದೇ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಸಾಕಾಗಿದೆ. ಇವತ್ತು ಒಂದರಲ್ಲಿ ಅಂಗೈಯಲ್ಲಿ ಕೂರುವಂಥ ಗೇಮ್ ಯಂತ್ರ ತೋರಿಸಿದರು. ಅದಕ್ಕೆ ಅಂತ ಸ್ವಂತ ಆಟ ಒಂದೂ ಇಲ್ಲ. ಈಗ ಯಾರೂ ತಯಾರಿಸದ ಹಳೆಯ ಗೇಮ್ ಯಂತ್ರಗಳ ವೇಷ ಹಾಕಿ, ಅವುಗಳ ಆಟವನ್ನೆಲ್ಲ ಆಡಿಸುತ್ತದೆ. ಎಮ್ಯುಲೇಟರ್ ಅನ್ನುತ್ತಾರೆ. ದೊಡ್ಡ ಕಂಪನಿಯದೇನಲ್ಲ. ದೂರದ ಯಾವುದೋ ಸಣ್ಣ ಕಾರ್ಖಾನೆ ಆಗಾಗ ಒಂದಿಷ್ಟು ಮಾಡುತ್ತದೆ, ಹುಚ್ಚಿರುವವರು ಕಾದು ಕೊಳ್ಳುತ್ತಾರೆ.

ಎರಡು ಬಗೆ ಇವೆ. ಒಂದು ಉದ್ದದ್ದು: ಮೇಲೆ ಸ್ಕ್ರೀನು, ಕೆಳಗೆ ಬಟನ್ನುಗಳು. ಒಂದೇ ಹೆಬ್ಬೆರಳಿನಲ್ಲಿ ಹೇಗೋ ನಿಭಾಯಿಸಬಹುದು. ಇನ್ನೊಂದು ಅಗಲದ್ದು: ನಡುವೆ ಸ್ಕ್ರೀನು, ಎರಡೂ ಪಕ್ಕ ಬಟನ್ನು. ಎರಡು ಕೈ ಇಲ್ಲದೆ ಆಗದು. ನನಗೆ ಉದ್ದದ್ದೇ ಸರಿ. ತೀರ್ಮಾನ ಆದಂತೆಯೇ. ಆದರೂ ಒಂದೆರಡು ದಿನ ನೋಡೋಣ.

ಸಂಜೆ ಅಕ್ಕ ಫೋನ್ ಮಾಡಿದ್ದಳು. "ಯೋಚನೆ ಮಾಡಿದ್ಯೇನೋ?" ಅಂದಳು. ಅವಳು ಕೇಳಿದ್ದು ಗೇಮಿನ ವಿಷಯವಲ್ಲ, ನನಗೆ ಕೊಡುತ್ತೇನೆಂದ ತನ್ನ ಕಿಡ್ನಿಯದು. "ನೋಡೋಣ" ಅಂದೆ.

ಜುಲೈ 3, ಗುರುವಾರ

800 ಮಿಲಿ.

ಪಕ್ಕದ ಮಂಚದವರು ಬಸ್ ಕಂಡಕ್ಟರ್ ಆಗಿದ್ದವರು, ನಿವೃತ್ತರು. ಎರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾರೆ. ಹೆಂಡತಿಯ ಕಿಡ್ನಿ ಹೊಂದುವುದಿಲ್ಲ, ಮಗಳಿಗೆ ಸಕ್ಕರೆ ಕಾಯಿಲೆ. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ. "ಟಿಕೆಟ್ ತಗೊಂಡಾಗಿದೆ, ಬಸ್ಸು ಬರಬೇಕಷ್ಟೆ" ಅನ್ನುತ್ತಾರೆ. ಎಲ್ಲರೊಂದಿಗೂ ಇದನ್ನೇ ಅನ್ನುತ್ತಾರೆ, ಪ್ರತಿಸಲವೂ ತಾವೇ ನಗುತ್ತಾರೆ.

ನಾನು ಫೋನನ್ನೇ ಗೇಮ್ ಯಂತ್ರ ಅಂದುಕೊಂಡು ಬಲಗೈ ಹೆಬ್ಬೆರಳು ಎಲ್ಲಿಯವರೆಗೆ ಹೋಗುತ್ತದೆ ನೋಡುತ್ತಿದ್ದೆ. ಅವರು ಕತ್ತು ಚಾಚಿ ನೋಡಿದರು. ನನ್ನ ಕಸುಬಿನ ಮೇಲೆ ಅವರು ನನಗಿಟ್ಟ ಹೆಸರು ತಕ್ಕಡಿಯವರು.

"ಏನು ತಕ್ಕಡಿಯವರೇ, ಲಾಟರಿ ಉಜ್ತಾ ಇದೀರಾ?"

ವಿಷಯ ಹೇಳಿದೆ. ಚಿತ್ರ ತೋರಿಸಿದೆ.

"ಒಂದು ಕೈಲಿ ಆಡೋದೂ ಒಂದು ಆಟವಾ ಸ್ವಾಮಿ? ಒಂದು ಕೈಲಿ ಮಾಡೋ ಕೆಲಸ ಅಂದ್ರೆ ಟಿಕೆಟ್ ಹರಿಯೋದು. ಅದನ್ನ ಮೂವತ್ತೊಂದು ವರ್ಷ ಮಾಡಿದೀನಿ, ಒಂದು ದಿನವೂ ಗೆದ್ದಿಲ್ಲ."

ಸಿಸ್ಟರ್ ನಕ್ಕರು. ನನಗೂ ನಗು ಬರಬೇಕಿತ್ತು. ಬರಲಿಲ್ಲ. ಈಗ ಹಾಗೆಯೇ ಆಗಿದೆ, ಬೇಜಾರೂ ಇಲ್ಲ, ಖುಷಿಯೂ ಇಲ್ಲ. ಸೂಜಿ ಚುಚ್ಚುವ ಮೊದಲು ಮುಲಾಮು ಹಚ್ಚಿ ಚರ್ಮ ಮರಗಟ್ಟಿಸುತ್ತಾರೆ. ಆ ಮುಲಾಮು ಒಳಗೂ ಇಳಿದಿರಬೇಕು.

ಜುಲೈ 6, ಭಾನುವಾರ

600 ಮಿಲಿ.

ತೂಕದ ಯಂತ್ರ ರಿಪೇರಿ ಮಾಡುವುದು ನನ್ನ ಕಸುಬು. ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ತಕ್ಕಡಿ, ಗೋದಾಮಿನ ಕಾಟಾ, ಚಿನ್ನದ ಅಂಗಡಿಯ ಮಿಲಿಗ್ರಾಂ ಯಂತ್ರ, ಎಲ್ಲ ಬರುತ್ತವೆ. ಸರಿಮಾಡಿ, ಅಳತೆಗಲ್ಲು ಇಟ್ಟು ಪರೀಕ್ಷಿಸಿ ಕಳಿಸುತ್ತೇನೆ. ಸೂಜಿ ಚುಚ್ಚುವ ಎಡಗೈಯಲ್ಲಿ ಈಗ ಭಾರ ಎತ್ತುವಂತಿಲ್ಲವಾದ್ದರಿಂದ ಇಪ್ಪತ್ತು ಕಿಲೋ ಕಲ್ಲುಗಳು ಮೂಲೆ ಸೇರಿವೆ. ಐದರವು ನಾಲ್ಕನ್ನು ಬಲಗೈಯಲ್ಲಿ ಒಂದೊಂದಾಗಿ ಇಡುತ್ತೇನೆ. ಕೆಲಸ ನಾಲ್ಕು ಪಟ್ಟು ನಿಧಾನ. ಇರಲಿ, ಬೆನ್ನಟ್ಟಿಕೊಂಡು ಬರುವವರು ಯಾರೂ ಇಲ್ಲ.

ಅಕ್ಕ ಬಂದಿದ್ದಳು, ಭಾವನ ಜೊತೆ. ಪ್ರತಿ ಭಾನುವಾರ ಬರುತ್ತಾಳೆ. ಬಂದವಳೇ ಚಪ್ಪಲಿ ಕಳಚಿ, ಬಳೆ ಬಿಚ್ಚಿ ಭಾವನ ಕೈಗೆ ಕೊಟ್ಟು, ಅಂಗಡಿಯ ದೊಡ್ಡ ಕಾಟಾದ ಮೇಲೆ ಹತ್ತುತ್ತಾಳೆ. ಮನೆಯ ಯಂತ್ರದ ಮೇಲೆ ಅವಳಿಗೆ ನಂಬಿಕೆಯಿಲ್ಲ. "ತಮ್ಮ ಕಾಟಾ ಇಟ್ಕೊಂಡಿರುವಾಗ ಬೇರೆಯವರ ಕಾಟಾ ಯಾಕೆ ಹತ್ತಲಿ?" ಇವತ್ತು 70.6. ಹೋದ ವಾರ 71.4. ಐವತ್ತಕ್ಕೆ ಬಂದ ಮೇಲೆ ಸೊಂಟದ ಚಿಂತೆ ಶುರುವಾಗಿದೆ ಅವಳಿಗೆ.

ಫೈಲು ತಂದಿದ್ದಳು. ಅವಳ ಪರೀಕ್ಷೆಗಳೆಲ್ಲ ಮುಗಿದಿವೆ, ಎಲ್ಲ ಹೊಂದುತ್ತದೆ. ಮೂವತ್ತೊಂದನೇ ತಾರೀಖಿನೊಳಗೆ ಇಬ್ಬರೂ ಸಹಿ ಹಾಕಿದರೆ ಕಾಗದ ಆಸ್ಪತ್ರೆಯ ಸಮಿತಿಗೆ ಹೋಗುತ್ತದೆ. ಇಲ್ಲವಾದರೆ ಪರೀಕ್ಷೆಯ ಅವಧಿ ಮುಗಿಯುತ್ತದೆ, ಎಲ್ಲ ಮೊದಲಿನಿಂದ. ಅವಳ ಸಹಿ ಆಗಿತ್ತು. ನನ್ನದರ ಜಾಗ ಖಾಲಿ.

"ದೇವರು ಎರಡು ಕೊಟ್ಟಿದಾನೆ ಕಣೋ. ಒಂದು ಸುಮ್ನೆ ಕೂತು ಸಂಬಳ ತಗೊಳ್ತಾ ಇದೆ."

"ನೋಡೋಣ ಅಕ್ಕ."

"ಇನ್ನೂ ಎಷ್ಟು ಮೀನಮೇಷ ಎಣಿಸ್ತೀಯ?"

ಭಾವ ಬಳೆಗಳನ್ನು ಹಿಡಿದುಕೊಂಡು ನಿಂತೇ ಇದ್ದರು. ಅವರು ಮಾತು ಕಡಿಮೆ. ಬೇಡ ಅನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ.

ಅವರು ಹೋದ ಮೇಲೆ ಇನ್ನೂ ಎರಡು ವಿಡಿಯೋ ನೋಡಿದೆ. ಉದ್ದದ್ದರ ಬ್ಯಾಟರಿ ಐದು ಗಂಟೆ ಬರುತ್ತದೆ. ನನಗೆ ಬೇಕಾದ್ದು ನಾಲ್ಕು.

ಜುಲೈ 10, ಗುರುವಾರ

700 ಮಿಲಿ.

ವಾರ್ಡಿನಲ್ಲಿ ಸುಣ್ಣಬಣ್ಣ ಆಗಿದೆ. ತೂಕದ ಯಂತ್ರವನ್ನು ನಡುವಿನಿಂದ ಎತ್ತಿ ಬಾಗಿಲ ಪಕ್ಕ ಗೋಡೆಗೆ ಒತ್ತಿ ಇಟ್ಟಿದ್ದಾರೆ. ನಮ್ಮನ್ನು ಯಂತ್ರಕ್ಕೆ ಹಾಕುವ ಮೊದಲು ತೂಗುತ್ತಾರೆ. ಮೈಯಲ್ಲಿ ನೀರು ಎಷ್ಟು ಸೇರಿದೆ ಅಂತ ಗೊತ್ತಾಗುವುದು ತೂಕದಿಂದಲೇ, ಎಷ್ಟು ತೆಗೆಯಬೇಕೆಂದು ಲೆಕ್ಕ ಹಾಕುವುದೂ ಅದರಿಂದಲೇ.

ಹತ್ತಿದೊಡನೆ ತಿಳಿಯಿತು. ತಟ್ಟೆಯ ಅಂಚು ಗೋಡೆ ಬುಡದ ಕಲ್ಲುಪಟ್ಟಿಗೆ ತಾಗಿದೆ. ಹಾಗೆ ತಾಗಿದರೆ ಗೋಡೆಯೂ ಒಂದಿಷ್ಟು ಭಾರ ಹೊರುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಯುವ ಪಾಠ ಇದು. ನನ್ನದು ಸುಮಾರು ಒಂದು ಕಿಲೋ ಕಡಿಮೆ ಬಂತು.

"ತುಂಬಾ ಚೆನ್ನಾಗಿ ಪಥ್ಯ ಮಾಡಿದೀರ" ಅಂದರು ಸಿಸ್ಟರ್.

ಏನೂ ಹೇಳಲಿಲ್ಲ. ಯಾಕೆಂದು ಗೊತ್ತಿಲ್ಲ. ಬಾಯಿ ತೆರೆಯುವ ಕೆಲಸ ದೊಡ್ಡದೆನಿಸಿತು.

ಕಂಡಕ್ಟರ್ ತೂಕವೂ ಇಳಿದಿತ್ತು. ಗೆದ್ದವರ ಹಾಗೆ ಕೈ ಎತ್ತಿದರು. "ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ನಮಗೆ ಉಪ್ಪೂ ಇಲ್ಲ, ನೀರೂ ಇಲ್ಲ. ಅಂದ್ರೆ ನಾವು ತಪ್ಪೇ ಮಾಡಿಲ್ಲ ಅಂತ ಆಯ್ತು!"

ಜುಲೈ 12, ಶನಿವಾರ

ಮಾರುವವನಿಗೆ ಸಂದೇಶ ಕಳಿಸಿದೆ: ಉದ್ದದ್ದರ ಬಟನ್ನುಗಳು ಗಟ್ಟಿಯೋ ಮೆತ್ತಗೋ? ಉತ್ತರ ಬಂತು: ಮಧ್ಯಮ. ವಾರಂಟಿ ಒಂದು ವರ್ಷ. ಒಂದು ವರ್ಷ ಅಂದರೆ ಬರುವ ಜುಲೈ. ಅಷ್ಟು ಉದ್ದದ ವಾರಂಟಿ ನನಗೇನೂ ಬೇಕಿರಲಿಲ್ಲ.

ಈ ಯಂತ್ರದಲ್ಲಿ ಆಟವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಿ, ಹಾಗೇ ಉಳಿಸಿಡಬಹುದು. ಹಳೆಯ ಯಂತ್ರಗಳಲ್ಲಿ ಹಾಗಿರಲಿಲ್ಲ. ಮುಗಿಸಬೇಕು, ಇಲ್ಲ ಸಾಯಬೇಕು. ಇದರಲ್ಲಿ ಎರಡೂ ಬೇಡ. ಅದು ನನಗೆ ಹಿಡಿಸಿತು.

ಜುಲೈ 15, ಮಂಗಳವಾರ

900 ಮಿಲಿ. ತೂಕ ಇವತ್ತೂ ಕಡಿಮೆ. ಯಂತ್ರ ಅಲ್ಲೇ ಇದೆ.

ವಾರ್ಡೆಲ್ಲ ಖುಷಿಯಲ್ಲಿದೆ. ಕಂಡಕ್ಟರ್ ಹೆಂಡತಿ ಫ್ಲಾಸ್ಕಿನಲ್ಲಿ ಟೀ ತಂದಿದ್ದರು. "ಈ ಸಲ ಬೋನಸ್ ಸಿಕ್ಕಿದೆ ಕಣೇ, ಇನ್ನರ್ಧ ಲೋಟ ಹಾಕು" ಅಂದರು ಇವರು. ಆಕೆ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತೂಕದ ಚೀಟಿ ನೋಡಿ ತಲೆಯಾಡಿಸಿದರು. ಅವರು ಟೀ ಕುಡಿದಿದ್ದು ನೋಡಬೇಕಿತ್ತು. ಕಣ್ಣು ಮುಚ್ಚಿ, ಒಂದೊಂದೇ ಗುಟುಕು.

ನಾನು ಆ ಕಡೆ ನೋಡದೆ ಅಗಲದ್ದರ ವಿಡಿಯೋ ನೋಡುತ್ತಿದ್ದೆ. ಸುಮ್ಮನೆ, ಹೋಲಿಸಲು.

ಸಂಜೆ ಪಾದ ಊದಿದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ತುಂಬಲು ಹತ್ತು ಎಣಿಸಬೇಕು. ನಿರೀಕ್ಷಿಸಿದ್ದೇ.

ಜುಲೈ 17, ಗುರುವಾರ

ಹದಿನಾಲ್ಕು ಎಣಿಸಬೇಕು.

ಜುಲೈ 19, ಶನಿವಾರ

ಪಕ್ಕದ ಮಂಚ ಖಾಲಿಯಿತ್ತು. ಹಾಸಿಗೆಯ ಮೇಲೆ ಹೊಸ ಬಟ್ಟೆ ಹಾಸಿದ್ದರು.

ತಡವಾಗಿ ಬರುತ್ತಾರೆ ಅಂದುಕೊಂಡೆ. ಏಳೂವರೆಗೆ ಸಿಸ್ಟರ್ ಇನ್ನೊಬ್ಬರ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ನಿನ್ನೆ ಮಧ್ಯಾಹ್ನ ಕಂಡಕ್ಟರಿಗೆ ಉಸಿರು ಕಟ್ಟಿದೆ. ಶ್ವಾಸಕೋಶಕ್ಕೆ ನೀರು ತುಂಬಿದೆಯಂತೆ. ಮೇಲಿನ ಮಹಡಿಯಲ್ಲಿ ಆಮ್ಲಜನಕ ಹಾಕಿ ಮಲಗಿಸಿದ್ದಾರೆ.

"ತೂಕ ಸರಿಯಾಗೇ ಇತ್ತಲ್ಲ" ಅಂದರು ಸಿಸ್ಟರ್. "ಕಡಿಮೆನೇ ಇತ್ತಲ್ಲ. ಎಲ್ಲಿಂದ ಬಂತು ಅಷ್ಟು ನೀರು?" ಪಾಪ, ಚೀಟಿಗಳನ್ನು ತಿರುವಿ ತಿರುವಿ ನೋಡುತ್ತಿದ್ದರು, ತಮ್ಮದೇ ತಪ್ಪು ಎಲ್ಲೋ ಸಿಗುತ್ತದೆ ಎಂಬಂತೆ.

ನನಗಿನ್ನೂ ಸೂಜಿ ಹಾಕಿರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋದೆ. ಬಗ್ಗಿ ಬಲಗೈಯಲ್ಲಿ ತೂಕದ ಯಂತ್ರವನ್ನು ಈಚೆಗೆ ಎಳೆದೆ. ಒಂದು ಬೆರಳಿನಷ್ಟು. ಅಷ್ಟೇ ಬೇಕಾಗಿದ್ದುದು. ಹತ್ತಿ ನಿಂತೆ. ಸಿಸ್ಟರ್ ಆಗ ತಾನೇ ಬರೆದುಕೊಂಡಿದ್ದ ತೂಕಕ್ಕಿಂತ ಒಂದು ಕಿಲೋ ನೂರು ಗ್ರಾಂ ಹೆಚ್ಚು.

ಅವರು ಬಂದು ನೋಡಿದರು. ಅಂಕಿ ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು.

"ಇದು ಯಾವಾಗ ಗೊತ್ತಾಯ್ತು ನಿಮಗೆ?"

ಈಗ ಅನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಹತ್ತನೇ ತಾರೀಖು."

ಅವರು ಬಯ್ಯಲಿಲ್ಲ. "ನಿಮ್ಮ ಕಸುಬೇ ಇದಲ್ವಾ?" ಅಂದರು. ಆಮೇಲೆ ವಾರ್ಡಿನಲ್ಲಿದ್ದ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ, ಸೂಜಿ ಹಾಕಿದವರ ಯಂತ್ರ ನಿಲ್ಲಿಸಿ, ಮತ್ತೆ ತೂಗಿಸಿದರು. ಎಲ್ಲರೂ ಒಂದು ಕಿಲೋ ಹೆಚ್ಚು. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಕಾಟಾ ಅರ್ಧ ಗ್ರಾಂ ತಪ್ಪಿದರೂ ಗಿರಾಕಿಗೆ ಕೊಡದೆ ವಾಪಸು ಬಿಚ್ಚಿದ್ದೇನೆ. ನಾಚಿಕೆಯಾಯಿತು. ಬರೆಯಲು ಬೇರೆ ಮಾತು ಹುಡುಕಿದೆ, ಇಲ್ಲ. ನಾಚಿಕೆ.

ನೀರು ಎಷ್ಟು ಕುಡಿದೆ ನೆನಪಿಲ್ಲ.

ಜುಲೈ 20, ಭಾನುವಾರ

ಅಕ್ಕನಿಗೆ ಬರಬೇಡ ಅಂತ ಫೋನ್ ಮಾಡಿ ಆಸ್ಪತ್ರೆಗೆ ಹೋದೆ. "ತೂಕ ನೋಡ್ಕೋಬೇಕಿತ್ತಲ್ಲೋ" ಅಂತ ಗೊಣಗಿದಳು.

ಕಂಡಕ್ಟರ್ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಕೆ. ಗಲ್ಲ ಒಳಗೆ ಹೋಗಿತ್ತು. ಅವರ ಮನೆಯವರು ನನಗೆ ಸ್ಟೂಲು ಕೊಟ್ಟು, ತಾವು ನಿಂತರು.

ಹೇಳಿದೆ. ಗೋಡೆ, ಕಲ್ಲುಪಟ್ಟಿ, ಹತ್ತನೇ ತಾರೀಖು, ಅವರು ಟೀ ಕುಡಿದಿದ್ದು ನಾನು ನೋಡಿದ್ದು, ಎಲ್ಲ. ಹೇಳುವಾಗ ಸ್ಟೂಲಿನ ಅಂಚು ಹಿಡಿದುಕೊಂಡಿದ್ದೆ.

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಕಂಡಕ್ಟರ್ ಬಹಳ ಹೊತ್ತು ಉಸಿರೆಳೆದುಕೊಂಡರು. ಬಯ್ಯಲು ಶಕ್ತಿ ಕೂಡಿಸುತ್ತಿದ್ದಾರೆ ಅಂದುಕೊಂಡೆ.

"ಮೂವತ್ತೊಂದು ವರ್ಷದಲ್ಲಿ ಎಂತೆಂಥ ಪ್ಯಾಸೆಂಜರ್ ನೋಡಿದೀನಿ" ಅಂದರು. "ಟಿಕೆಟ್ ತಗೊಳ್ದೆ ಮಲಗಿರೋ ಹಾಗೆ ನಟಿಸೋರು. ಆಡಿನ ಮರೀನ ಮಗು ಅನ್ನೋರು. ಆದ್ರೆ ಬ್ರೇಕು ಹಿಡೀತಿಲ್ಲ ಅಂತ ಗೊತ್ತಿದ್ದೂ ಕಿಟಕಿ ಪಕ್ಕ ಸುಮ್ನೆ ಕೂತೋನನ್ನ ನೋಡಿರಲಿಲ್ಲ."

"ತಪ್ಪಾಯ್ತು."

"ತಪ್ಪು ಇರಲಿ. ಅದೇ ಬಸ್ಸಲ್ಲಿ ನೀವೂ ಇದ್ರಲ್ಲ ಸ್ವಾಮಿ? ನಿಮ್ಮ ಮೈಗೂ ನೀರು ತುಂಬ್ತಿತ್ತಲ್ಲ? ನಿಮಗೆ ಇಳಿಯೋ ಸ್ಟಾಪು ಬರೋದೇ ಬೇಡವಾ?"

ಗೊತ್ತಿಲ್ಲ ಅಂದೆ. ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ಏಳುವಾಗ, "ಆ ಆಟದ ಸಾಮಾನು ತಗೊಂಡ್ರಾ?" ಅಂದರು. ಇನ್ನೂ ಇಲ್ಲ ಅಂದೆ. "ಇದಕ್ಕೂ ನೋಡೋಣ, ಅದಕ್ಕೂ ನೋಡೋಣ" ಅಂದರು. ಅಕ್ಕನ ವಿಷಯ ಅವರಿಗೆ ಯಾರು ಹೇಳಿದರೋ. ವಾರ್ಡಿನಲ್ಲಿ ಫೋನಿನಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ ಅನ್ನುವುದೇ ಮರೆತಿದ್ದೆ.

ಜುಲೈ 22, ಮಂಗಳವಾರ

500 ಮಿಲಿ.

ಬೆಳಿಗ್ಗೆ ಇಪ್ಪತ್ತು ಕಿಲೋದ ಮೂರು ಅಳತೆಗಲ್ಲು, ಮಟ್ಟ ನೋಡುವ ಕೋಲು ತೆಗೆದುಕೊಂಡು ಹೋದೆ. ಕಲ್ಲುಗಳನ್ನು ಒಂದೊಂದಾಗಿ ಹೊತ್ತಿದ್ದು ಭಾವ. ನಾನು ಕೇಳಿದ್ದು ಒಂದೇ ಸಲ, ಯಾಕೆ ಏನು ಅನ್ನದೆ ಆರು ಗಂಟೆಗೇ ಬಂದು ನಿಂತಿದ್ದರು. ತೂಕದ ಯಂತ್ರದ ನಾಲ್ಕು ಪಾದಗಳನ್ನೂ ತಿರುಗಿಸಿ ಮಟ್ಟ ಮಾಡಿದೆ. ಭಾವ ಕಲ್ಲಿಟ್ಟರು, ನಾನು ಓದಿದೆ. ಇಪ್ಪತ್ತು, ನಲವತ್ತು, ಅರವತ್ತು. ಸರಿಯಿದೆ. ಸಿಸ್ಟರ್ ನೆಲದ ಮೇಲೆ ಯಂತ್ರದ ಸುತ್ತ ಕೆಂಪು ಟೇಪು ಅಂಟಿಸಿ, ಕಸ ಗುಡಿಸುವಾಕೆಯನ್ನು ಕರೆದು, "ಈ ಗೆರೆ ದಾಟಿಸಿದ್ರೆ ನೋಡು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಸೇರಿಸಿಯೇ ಹೇಳಿದ್ದು" ಅಂದರು. ಒಳ್ಳೆಯದಾಯಿತು. ಮಾತಾಡಿದರಲ್ಲ.

ಸೇರಿದ್ದ ನೀರನ್ನು ಇವತ್ತು ಜಾಸ್ತಿ ತೆಗೆದರು. ಮೂರನೇ ಗಂಟೆಯಲ್ಲಿ ಎರಡೂ ಕಾಲಿನ ಮೀನಖಂಡ ಹಿಡಿದುಕೊಂಡಿತು. ಒದ್ದೆ ಬಟ್ಟೆ ಹಿಂಡಿದ ಹಾಗೆ. ಕೂಗಿಕೊಂಡೆ. ತಲೆ ಸುತ್ತಿತು, ಕಣ್ಣು ಕತ್ತಲೆ ಬಂತು, ಸಿಸ್ಟರ್ ಮಂಚದ ತಲೆ ತಗ್ಗಿಸಿದ್ದು ಗೊತ್ತಾಯಿತು. ಭಯವಾಯಿತು. ಬಿಡಿಸಿ ಬರೆಯುತ್ತೇನೆ: ಸಾಯುತ್ತೇನೆ ಅನ್ನಿಸಿತು, ಬೇಡ ಅನ್ನಿಸಿತು. ಇನ್ನಷ್ಟು ದಿನ ಇರಬೇಕು ಅನ್ನಿಸಿತು. ಕಾಲು ನೋವಿಗೆ ಹಾಗನ್ನಿಸಿದ್ದಿರಬೇಕು.

ಭಾವ ಪಾದ ಒತ್ತುತ್ತಿದ್ದರು. ಮುಕ್ಕಾಲು ಗಂಟೆ.

ಜುಲೈ 24, ಗುರುವಾರ

650 ಮಿಲಿ. ಕಂಡಕ್ಟರ್ ಸುಧಾರಿಸಿದ್ದಾರೆ. ಮುಂದಿನ ವಾರ ಕೆಳಗೆ ಬರುತ್ತಾರಂತೆ.

ಅಗಲದ್ದರಲ್ಲಿ ಎರಡು ಬಣ್ಣ: ಬೂದು, ಹಸಿರು.

ಜುಲೈ 27, ಭಾನುವಾರ

ಅಕ್ಕ ಬಂದಳು. ಚಪ್ಪಲಿ, ಬಳೆ, ಕಾಟಾ. ಈ ಸಲ ಕಿವಿಯ ಓಲೆಯನ್ನೂ ಬಿಚ್ಚಿ ಭಾವನ ಕೈಗೆ ಕೊಟ್ಟಳು. 67.8.

ಕಾಟಾದ ಮೇಲೆ ನಿಂತಲ್ಲೇ ಅತ್ತಳು. ನನಗೆ ಅರ್ಥವಾಗಲಿಲ್ಲ.

"ಸಣ್ಣ ಆಗಿದ್ದಕ್ಕೆ ಅಳ್ತೀಯಾ?"

"ಹೌದು, ಸಿನಿಮಾದಲ್ಲಿ ಪಾರ್ಟ್ ಸಿಕ್ಕಿದೆ!" ಅಂತ ಸಿಡುಕಿದಳು. "ಅರವತ್ತೆಂಟಕ್ಕಿಂತ ಕೆಳಗೆ ಬಂದ್ರೇನೇ ಕಿಡ್ನಿ ತೆಗೆಯೋದು ಅಂದಿದ್ರು ಆಪರೇಷನ್ ಮಾಡೋ ಡಾಕ್ಟ್ರು. ಏಪ್ರಿಲಲ್ಲಿ ಎಪ್ಪತ್ತಾರಿದ್ದೆ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಕತ್ತೆ ಥರ ನಡೆದಿದೀನಿ. ಸಕ್ಕರೆ ಮುಖ ನೋಡಿ ನಾಲ್ಕು ತಿಂಗಳಾಯ್ತು. ನೀನು ನೋಡಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀಯ!"

ಹದಿನಾರು ಭಾನುವಾರ ಅವಳ ತೂಕ ನಾನೇ ಓದಿ ಹೇಳಿದ್ದೇನೆ. ಒಂದು ಸಲವೂ ಯಾಕೆಂದು ಕೇಳಲಿಲ್ಲ.

"ಯಾಕೆ ಹೇಳಲಿಲ್ಲ ನನಗೆ?"

"ಹೇಳಿದ್ರೆ ಬೇಡ ಅಂತಿದ್ದೆ. ಹೇಳದೇ ಇದ್ದಿದ್ದಕ್ಕೆ ನೋಡೋಣ ಅಂತಾದ್ರೂ ಅಂದೆ."

ಆಗ ನಾನೂ ಬಾಯಿಬಿಟ್ಟೆ. ಬಿ.ಪಿ. ಮಾತ್ರೆ ನುಂಗು ಅಂತ ಡಾಕ್ಟರು ಆರು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು, ತಲೆನೋವಿಲ್ಲ ಏನಿಲ್ಲ ಅಂತ ನಾನೇ ನಿಲ್ಲಿಸಿದೆ. ಎರಡು ಕಿಡ್ನಿ ಕೈಯಾರೆ ಹಾಳು ಮಾಡಿಕೊಂಡವನಿಗೆ ಮೂರನೆಯದನ್ನು ಯಾವ ಧೈರ್ಯದ ಮೇಲೆ ಕೊಡುತ್ತೀಯ, ನಿನಗೆ ಹೆಚ್ಚುಕಡಿಮೆ ಆದರೆ ಭಾವನ ಮುಖ ಹೇಗೆ ನೋಡಲಿ, ಅಂದೆ.

ಅಕ್ಕ ಕಾಟಾದಿಂದ ಇಳಿದಳು. ಉತ್ತರ ಕೊಟ್ಟಿದ್ದು ಭಾವ.

"ಐದೂವರೆಗೆ ಅವಳೊಬ್ಬಳೇ ನಡೀತಿದ್ಲು ಅಂದ್ಕೊಂಡ್ಯಾ?" ಅಂದರು. ಬಳೆ, ಓಲೆ ಹಿಡಿದಿದ್ದ ಕೈಯಲ್ಲೇ ತಮ್ಮ ಹೊಟ್ಟೆ ತೋರಿಸಿದರು. "ನಂದೂ ಐದು ಕಿಲೋ ಹೋಗಿದೆ."

ಅಕ್ಕ ಹೊರಡುವಾಗ ಹೇಳಿದ್ದು ಇಷ್ಟೇ: "ಬೇಡ ಅನ್ನೋದಾದ್ರೆ ಬೇಡ ಅನ್ನು. ಹೂಂ ಅನ್ನೋದಾದ್ರೆ ಹೂಂ ಅನ್ನು. ನೋಡೋಣ ಅಂತ ಮಾತ್ರ ಇನ್ನೊಂದು ಸಲ ಅನ್ನಬೇಡ. ಗುರುವಾರ ಕೊನೇ ದಿನ."

ಜುಲೈ 28, ಸೋಮವಾರ

600 ಮಿಲಿ.

ಗೇಮ್ ಯಂತ್ರದ ತಲೆನೋವು ಇವತ್ತು ಮುಗಿಸಿದೆ. ಒಂದು ತಿಂಗಳು ಎಳೆದಾಡಿದ್ದು ಸಾಕು. ಅಗಲದ್ದಕ್ಕೇ ಆರ್ಡರ್ ಕೊಟ್ಟೆ, ಹಸಿರು ಬಣ್ಣ. ಸ್ಕ್ರೀನು ದೊಡ್ಡದು, ಕಣ್ಣಿಗೆ ಹಿತ. ಉದ್ದದ್ದರಲ್ಲಿ ಅಕ್ಷರಗಳು ಇರುವೆ ಸಾಲಿನ ಹಾಗಿವೆ. ಬೇರೆ ಕಾರಣವೇನಿಲ್ಲ. ಹೊಸದಾಗಿ ಒಂದಿಷ್ಟು ತಯಾರಾಗಬೇಕಂತೆ, ಅಕ್ಟೋಬರ್ ನಡುವಿಗೆ ಬರುತ್ತದೆ. ಬರಲಿ, ಅವಸರವೇನೂ ಇಲ್ಲ.

ಹಳೆಯ ಒಂದು ಕಾರಿನ ಆಟವಿತ್ತು, ತಿರುವಿನಲ್ಲಿ ಎರಡೂ ಹೆಬ್ಬೆರಳು ಒಟ್ಟಿಗೆ ಒತ್ತಬೇಕು. ಅದರಲ್ಲಿ ನಾನು ಹುಲಿಯಾಗಿದ್ದೆ. ಮೇಜಿನ ಮೇಲೆ ಎರಡು ಹೆಬ್ಬೆರಳೂ ಆಡಿಸಿ ನೋಡಿದೆ. ಎಡಗೈಯದು ಸ್ವಲ್ಪ ಸೋಮಾರಿಯಾಗಿದೆ.

ಜುಲೈ 31, ಗುರುವಾರ

ಕಂಡಕ್ಟರ್ ತಮ್ಮ ಮಂಚಕ್ಕೆ ವಾಪಸು ಬಂದಿದ್ದಾರೆ. ನಾಲ್ಕು ಕಿಲೋ ಇಳಿದಿದ್ದಾರೆ, ಈ ಸಲ ನಿಜವಾದ ನಾಲ್ಕು ಕಿಲೋ. ತೂಕದ ಯಂತ್ರ ಹತ್ತುವ ಮೊದಲು ನನ್ನ ಕಡೆ ನೋಡಿ, "ಹತ್ತಬಹುದಾ?" ಅಂದರು. ಹತ್ತಿ ಅಂದೆ.

ಸೂಜಿ ಹಾಕಿದ ಮೇಲೆ ಅವರೇ ಮಾತು ತೆಗೆದರು. ಆಟದ ಸಾಮಾನು ಏನಾಯಿತು ಅಂತ. ಆರ್ಡರ್ ಕೊಟ್ಟಾಯಿತು ಅಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಅಗಲದ್ದಲ್ವಾ?"

"ಹೌದು. ಸ್ಕ್ರೀನು ದೊಡ್ಡದು."

"ಇದಕ್ಕೆ ಎರಡು ಕೈ ಬೇಕು ಅಂದಿದ್ರಿ."

"ಬೇಕು."

"ಮತ್ತೆ ಇಲ್ಲಿ ಹೇಗೆ ಆಡ್ತೀರಿ ಸ್ವಾಮಿ? ಎಡಗೈನ ಸಿಸ್ಟರ್‌ಗೆ ಅಡ ಇಡ್ತೀರಾ?"

"ಇಲ್ಲಿ ಯಾರು ಆಡ್ತಾರೆ? ಅದು ಬರೋದೇ ಅಕ್ಟೋಬರಿಗೆ. ಅಷ್ಟು ಹೊತ್ತಿಗೆ..."

ಅಲ್ಲಿಗೆ ನಿಲ್ಲಿಸಿದೆ. ನನ್ನ ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು. ಆ ವಾಕ್ಯ ಹೇಗೆ ಮುಗಿಯುತ್ತದೆ ಅಂತ ನನಗೂ ಆಗಲೇ ಗೊತ್ತಾಗಿದ್ದು.

ಬಲಗೈಯಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅಕ್ಕ, ಸಹಿ ಹಾಕ್ತೀನಿ. ಎಷ್ಟು ಹೊತ್ತಿಗೆ ಬರ್ತೀಯ?"

ಮೂಗೊರೆಸಿಕೊಂಡ ಸದ್ದು ಕೇಳಿತು.

"ಎಲ್ಲಿಂದ ಬರೋದು?" ಅಂದಳು. "ಕೆಳಗೇ ಕೂತಿದೀನಿ ಕಣೋ, ಏಳು ಗಂಟೆಯಿಂದ. ಫೈಲ್ ತಂದಿದೀನಿ. ಹೂಂ ಅನ್ನೋಕೆ ಇಷ್ಟು ದಿನ ಏನು ರೋಗ ನಿಂಗೆ?"

ನಗು ಬಂತು. ಎಡಗೈ ಅಲ್ಲಾಡಿತು. ಯಂತ್ರ ಕಿರುಚಿತು, ಸಿಸ್ಟರ್ ಓಡಿಬಂದು ಅದರ ಬಾಯಿ ಮುಚ್ಚಿಸಿ, ನನಗೂ ಎರಡು ಮಾತು ಅಂದು ಹೋದರು.

ಕಂಡಕ್ಟರಿಗೆ ಏನೋ ಹೇಳಬೇಕೆಂದು ತಿರುಗಿದೆ. ಅವರು ಎದುರಿನ ಗೋಡೆ ನೋಡುತ್ತಿದ್ದರು. "ಒಳ್ಳೇದಾಯ್ತು" ಅಂದರು, ನಾನು ಏನೂ ಹೇಳುವ ಮೊದಲೇ. "ಬಹಳ ಒಳ್ಳೇದಾಯ್ತು." ಮನಸ್ಸಿನಿಂದಲೇ ಅಂದರು. ಆದರೆ ಬಸ್ಸಿನ ತಮಾಷೆ ಮಾಡಲಿಲ್ಲ. ನನಗೆ ಸಂಕಟವಾಯಿತು. ಖುಷಿಯ ಜೊತೆಯಲ್ಲೇ ಆಯಿತು, ಒಂದನ್ನು ಬಿಟ್ಟು ಒಂದು ಬರಲಿಲ್ಲ.

ಬಹಳ ಹೊತ್ತಾದ ಮೇಲೆ ಅವರು ತಮ್ಮ ಬಲಗೈ ಎತ್ತಿ, ಹೆಬ್ಬೆರಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು.

"ಆ ಉದ್ದದ್ದು ಇನ್ನೊಂದು ಸಲ ತೋರಿಸಿ ಸ್ವಾಮಿ. ಒಂದೇ ಕೈಲಿ ಆಡೋದು."

ಹುಡುಕಿ ತೋರಿಸಿದೆ. ಕನ್ನಡಕ ತಂದಿರಲಿಲ್ಲ, ಓದಿ ಹೇಳಿ ಅಂದರು. ಎಷ್ಟು ಉದ್ದ, ಎಷ್ಟು ಭಾರ, ಯಾವ ಯಾವ ಬಣ್ಣ, ಎಲ್ಲ ಓದಿದೆ. ಅಕ್ಷರ ಚಿಕ್ಕದು ಅನ್ನುವುದನ್ನೂ ಹೇಳಿದೆ.

"ಬ್ಯಾಟರಿ?"

"ಐದು ಗಂಟೆ ಬರುತ್ತೆ."

"ಸಾಕು" ಅಂದರು.